ಓದುವ ಆಸೆ, ಅರ್ಜಿಯ ಹಾದಿ

ದ್ವಿತೀಯ ಪಿ.ಯು.ಸಿ. ಫಲಿತಾಂಶ ಹೊರಬಿದ್ದ ವಾರದಲ್ಲಿ ಮಂಡ್ಯ ಜಿಲ್ಲೆಯ ಹಳ್ಳಿಗಳಲ್ಲಿ ಎರಡು ಬಗೆಯ ಮನೆಗಳನ್ನು ಕಾಣಬಹುದು. ಒಂದು ಮನೆಯಲ್ಲಿ ಮಗನೋ ಮಗಳೋ ನಪಾಸಾದ ದುಃಖ. ಅದು ಕೆಲವು ದಿನಗಳದು. ಮತ್ತೊಮ್ಮೆ ಪರೀಕ್ಷೆಗೆ ಕುಳಿತರೆ ಕಳೆಯುವಂಥದು. ಇನ್ನೊಂದು ಮನೆಯಲ್ಲಿ ಒಳ್ಳೆಯ ಅಂಕಗಳೊಡನೆ ತೇರ್ಗಡೆಯಾದ ಸಂತೋಷ. ಆದರೆ ಆ ಸಂತೋಷವನ್ನು ಹಂಚಿಕೊಳ್ಳಲು ಬಂದ ನೆಂಟರು ಬೆಲ್ಲದ ಚೂರನ್ನು ಬಾಯಿಗೆ ಹಾಕಿಕೊಂಡು ಹೊರಟುಹೋದ ಮೇಲೆ ಉಳಿಯುವ ಚಿಂತೆಯಿದೆಯಲ್ಲ, ಅದು ಮೊದಲನೆಯ ಮನೆಯ ದುಃಖಕ್ಕಿಂತ ಭಾರವಾದುದು. ಓದಲಾರದ ಮಗುವಿಗೆ ಓದು ತಪ್ಪಿದರೆ ಅದನ್ನು ವಿಧಿಯೆನ್ನಬಹುದು. ಓದಬಲ್ಲ ಮಗುವಿಗೆ ಹಣವಿಲ್ಲದೆ ಓದು ತಪ್ಪಿದರೆ ಅದನ್ನು ಏನೆನ್ನಬೇಕು?

ಅಂಥ ಒಂದು ಮನೆಯ ಸಂಜೆಯನ್ನು ಓದುಗರು ಊಹಿಸಿಕೊಳ್ಳಬಹುದು. ಜಗುಲಿಯ ಮೇಲೆ ತಂದೆ ಕುಳಿತಿದ್ದಾನೆ. ಮಗಳು ಕಾಲೇಜಿನಿಂದ ತಂದ ಕಾಗದವನ್ನು ಹಿಡಿದು ಕಂಬಕ್ಕೊರಗಿ ನಿಂತಿದ್ದಾಳೆ.

"ಏಟಾಯ್ತದಂತೆ, ಮಗಾ?"

"ಫೀಸು ಒಂದೇ ಅಲ್ಲ ಕಣಪ್ಪ. ಹಾಸ್ಟಲ್ಲು, ಪುಸ್ತಕ, ಎಲ್ಲಾ ಅವೆ."

"ಕಬ್ಬಿನ ದುಡ್ಡು ಬಂದ್ಮೇಲೆ ಕಟ್ಟುದ್ರೆ ಆಗಾಕಿಲ್ವಾ?"

"ಹದಿನೈದು ದಿನದೊಳಗೆ ಕಟ್ಬೇಕಂತೆ."

ಒಳಗಿನಿಂದ ತಾಯಿಯ ಧ್ವನಿ ಕೇಳಿಬರುತ್ತದೆ: "ನನ್ನ ಓಲೆ ಅವಲ್ಲ, ಇಟ್ಬುಟ್ಟು ಕಟ್ಟಿ."

ಕಿವಿಯ ಓಲೆ ಗಿರವಿಯ ಅಂಗಡಿಗೆ ಹೋಗಿ ಕಾಲೇಜಿನ ರಸೀದಿಯಾಗಿ ಹಿಂದಿರುಗುವ ಈ ಕಥೆ ಒಂದು ಮನೆಯದಲ್ಲ. ಶ್ರೀರಂಗಪಟ್ಟಣದ ಅರಕೆರೆಯ ಕಡೆ ನಡೆದೀತು, ಪಾಂಡವಪುರದ ಚಿನಕುರಳಿಯ ಕಡೆ ನಡೆದೀತು, ಕೃಷ್ಣರಾಜಪೇಟೆಯ ಕಿಕ್ಕೇರಿಯಲ್ಲೋ ನಾಗಮಂಗಲದ ಬಿಂಡಿಗನವಿಲೆಯಲ್ಲೋ ನಡೆದೀತು. ಅಲ್ಲಿಂದ ಬಂದು ಮೈಸೂರು ಬೆಂಗಳೂರುಗಳಲ್ಲಿ ನೆಲೆಸಿರುವ ಎಷ್ಟೋ ಕುಟುಂಬಗಳ ಹಿರಿಯರು ತಮ್ಮ ಕಾಲದ ಇಂಥದೇ ಒಂದು ಸಂಜೆಯನ್ನು ಮರೆತಿರಲಾರರು.

ನಾಲ್ಕು ತಾಲ್ಲೂಕು, ಒಂದೇ ಚಿಂತೆ

ಈ ನಾಲ್ಕು ತಾಲ್ಲೂಕುಗಳು ಒಂದಕ್ಕೊಂದು ಅಂಟಿಕೊಂಡಿದ್ದರೂ ನೆಲದ ಗುಣದಲ್ಲಿ ಬೇರೆ ಬೇರೆ. ಶ್ರೀರಂಗಪಟ್ಟಣ ಕಾವೇರಿಯ ಮಡಿಲಿನ ಊರು. ಹಳೆಯ ಅರಸರ ಕಾಲದ ಕಾಲುವೆಗಳು ಇಂದಿಗೂ ಅಲ್ಲಿ ಹರಿಯುತ್ತವೆ. ಪಾಂಡವಪುರದ ಬಹುಭಾಗಕ್ಕೆ ವಿಶ್ವೇಶ್ವರಯ್ಯ ನಾಲೆಯ ನೀರು. ಅಲ್ಲಿ ಭತ್ತ, ಕಬ್ಬು. ಕೃಷ್ಣರಾಜಪೇಟೆಯಲ್ಲಿ ಹೇಮಾವತಿಯ ನೀರು ಮುಟ್ಟಿದ ಕಡೆ ಹಸಿರು, ಮುಟ್ಟದ ಕಡೆ ರಾಗಿ ಹುರುಳಿ. ನಾಗಮಂಗಲವಂತೂ ಬಹುಪಾಲು ಮಳೆಯನ್ನೇ ನಂಬಿದ ನೆಲ. ಒಂದು ಕಾಲದಲ್ಲಿ ಹಿತ್ತಾಳೆ ಕಂಚಿನ ಕೆಲಸಕ್ಕೆ ಹೆಸರಾಗಿದ್ದ ಆ ಊರಿನ ಸುತ್ತಿನ ಜನ ತೆಂಗು, ರಾಗಿ, ರೇಷ್ಮೆಗಳನ್ನು ನೆಚ್ಚಿದವರು, ಸಾಲದೆ ಹೋದಾಗ ಬೆಂಗಳೂರಿನ ಬಸ್ಸು ಹತ್ತುವವರು.

ನೀರಿರುವ ಊರಿನಲ್ಲಿ ಹಣವಿರುತ್ತದೆ, ಅಲ್ಲಿ ಮಕ್ಕಳ ಓದಿಗೇನು ಕೊರತೆ ಎಂದು ದೂರದವರು ತಿಳಿಯಬಹುದು. ಆದರೆ ರೈತನ ಹಣಕ್ಕೂ ಕಾಲೇಜಿನ ಶುಲ್ಕಕ್ಕೂ ಕಾಲದ ಹೊಂದಿಕೆಯಿಲ್ಲ. ಕಾಲೇಜು ಶುಲ್ಕ ಕೇಳುವುದು ಮುಂಗಾರಿನ ಆರಂಭದಲ್ಲಿ. ಬಿತ್ತನೆ, ಗೊಬ್ಬರ, ಕೂಲಿ ಎಂದು ರೈತನ ಕೈಯಿಂದ ಹಣ ಹೊರಗೆ ಹೋಗುವ ದಿನಗಳು ಅವೇ. ಬೆಳೆಯ ಹಣ ಬರುವುದು ಕಟಾವಾದ ಮೇಲೆ. ಕಬ್ಬಿನ ಬಾಕಿ ಬರುವುದು ಇನ್ನೂ ಎಷ್ಟೋ ದಿನಗಳ ಮೇಲೆ. ಆದುದರಿಂದ ಎರಡು ಎಕರೆ ಗದ್ದೆಯಿರುವ ಮನೆಯೂ ಜೂನ್ ತಿಂಗಳಲ್ಲಿ ಬಡವನ ಮನೆಯೇ ಆಗಿರುತ್ತದೆ. ಕೂಲಿಯನ್ನೇ ನಂಬಿದ ಮನೆಯ ಪಾಡನ್ನು ಹೇಳಬೇಕಾಗಿಯೇ ಇಲ್ಲ.

ವಾರಾನ್ನದ ದಿನಗಳು

ಈ ಕಷ್ಟ ಇಂದಿನದಲ್ಲ. 1916 ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಪ್ರಾರಂಭವಾದಾಗ ಈ ಭಾಗದ ಹುಡುಗರಿಗೆ ಉನ್ನತ ವಿದ್ಯೆಯೆಂದರೆ ಮೈಸೂರು ಅಥವಾ ಬೆಂಗಳೂರು. ಮಂಡ್ಯ ಆಗ ಜಿಲ್ಲೆಯೂ ಆಗಿರಲಿಲ್ಲ. ಅದು ಮೈಸೂರಿನಿಂದ ಬೇರೆಯಾದುದು 1939 ರಲ್ಲಿ. ಅಕ್ಕಿಹೆಬ್ಬಾಳಿನಲ್ಲಿ 1900 ರಲ್ಲಿ ಹುಟ್ಟಿದ ಎ.ಎನ್. ಮೂರ್ತಿರಾಯರು, ಮೇಲುಕೋಟೆಯಲ್ಲಿ 1905 ರಲ್ಲಿ ಹುಟ್ಟಿದ ಪು.ತಿ. ನರಸಿಂಹಾಚಾರ್ಯರು ಓದಿಗಾಗಿ ಊರು ಬಿಟ್ಟು ಮೈಸೂರಿಗೆ ಹೋದವರೇ. ಹಾಗೆ ಹೊರಟ ಹುಡುಗನಿಗೆ ಪುಸ್ತಕದ ಚಿಂತೆಗಿಂತ ಮೊದಲು ಅನ್ನದ ಚಿಂತೆ.

ಅದಕ್ಕೆ ಅಂದಿನ ಸಮಾಜ ಕಂಡುಕೊಂಡಿದ್ದ ಉಪಾಯವೇ ವಾರಾನ್ನ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಏಳು ಮನೆ ಗೊತ್ತಾದರೆ ಏಳು ದಿನದ ಊಟ ಗೊತ್ತಾದಂತೆ. ಐದೇ ಮನೆ ಸಿಕ್ಕಿದವನು ಎರಡು ದಿನ ಉಪವಾಸ, ಇಲ್ಲವೆ ಗುಡಿಯ ಪ್ರಸಾದ. ವಾರಾನ್ನ ಉಂಡು ಓದಿ ದೊಡ್ಡವರಾದವರು ಅದನ್ನು ಕೃತಜ್ಞತೆಯಿಂದ ನೆನೆದಿದ್ದಾರೆ. ಯಜಮಾನಿತಿಯ ಮುಖ ನೋಡಿ ತುತ್ತೆತ್ತುವ ಸಂಕೋಚವನ್ನೂ ಮರೆತಿಲ್ಲ. ಆದರೆ ವಾರಾನ್ನಕ್ಕೆ ಜಾತಿಯ ಹೊಸ್ತಿಲಿತ್ತೆಂಬುದನ್ನೂ ಮರೆಯಬಾರದು. ಬ್ರಾಹ್ಮಣ ಹುಡುಗನಿಗೆ ತೆರೆದ ಬಾಗಿಲು ಬೇರೆಯವರಿಗೆ ತೆರೆಯುತ್ತಿರಲಿಲ್ಲ. ಅಸ್ಪೃಶ್ಯನೆನಿಸಿಕೊಂಡವನಂತೂ ಆ ಬೀದಿಯಲ್ಲಿ ನಡೆಯುವುದೇ ಕಷ್ಟವಾಗಿತ್ತು.

ಈ ಕೊರತೆಯನ್ನು ತುಂಬಲು ವಿದ್ಯಾರ್ಥಿನಿಲಯಗಳು ಹುಟ್ಟಿಕೊಂಡವು. ಮೈಸೂರಿನಲ್ಲಿ 'ತಾತಯ್ಯ'ನವರೆಂದು ಜನ ಪ್ರೀತಿಯಿಂದ ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ಅನಾಥಾಲಯವನ್ನು ಸ್ಥಾಪಿಸಿ ದಿಕ್ಕಿಲ್ಲದ ಮಕ್ಕಳಿಗೆ ಆಶ್ರಯ ಕೊಟ್ಟರು. ಶತಮಾನದ ಮೊದಲ ದಶಕದಲ್ಲೇ, 1905 ರಲ್ಲಿ ಲಿಂಗಾಯತರು, 1906 ರಲ್ಲಿ ಒಕ್ಕಲಿಗರು ತಮ್ಮ ತಮ್ಮ ಸಂಸ್ಥೆಗಳನ್ನು ಕಟ್ಟಿಕೊಂಡು ಹಳ್ಳಿಯ ಹುಡುಗರ ಓದಿಗೆ ನೆರವಾಗತೊಡಗಿದರು. ಸುತ್ತೂರು, ಸಿದ್ಧಗಂಗೆಗಳಂಥ ಮಠಗಳಲ್ಲಿ ಅನ್ನವೂ ಅಕ್ಷರವೂ ಒಂದೇ ಸೂರಿನಡಿಯಲ್ಲಿ ದೊರೆತವು. ನಾಗಮಂಗಲ ತಾಲ್ಲೂಕಿನಲ್ಲೇ ಇರುವ ಆದಿಚುಂಚನಗಿರಿಯಲ್ಲಿ 1974 ರಲ್ಲಿ ಪೀಠವೇರಿದ ಬಾಲಗಂಗಾಧರನಾಥ ಸ್ವಾಮಿಗಳು ಗುಡ್ಡಗಾಡಾಗಿದ್ದ ಆ ಪ್ರದೇಶದಲ್ಲಿ ಶಾಲೆ ಕಾಲೇಜುಗಳ ಒಂದು ಊರನ್ನೇ ಎಬ್ಬಿಸಿದರು. ಮಂಡ್ಯದಲ್ಲಿ ಕೆ.ವಿ. ಶಂಕರಗೌಡರು 1962 ರಲ್ಲಿ ಎಂಜಿನಿಯರಿಂಗ್ ಕಾಲೇಜನ್ನು ತೆರೆಸಿ, ರೈತನ ಮಗ ಎಂಜಿನಿಯರಾಗಲು ಜಿಲ್ಲೆ ಬಿಟ್ಟು ಹೋಗಬೇಕಾಗಿದ್ದ ಕಾಲವನ್ನು ಕೊನೆಗಾಣಿಸಿದರು.

ಇಷ್ಟಾದರೂ ಎಲ್ಲರಿಗೂ ದಡ ಸಿಕ್ಕಿತೆಂದಲ್ಲ. ಕಿಕ್ಕೇರಿಯಲ್ಲಿ 1915 ರಲ್ಲಿ ಹುಟ್ಟಿದ ಕೆ.ಎಸ್. ನರಸಿಂಹಸ್ವಾಮಿಯವರು ಪದವಿಯ ಓದನ್ನು ಅರ್ಧಕ್ಕೆ ಬಿಟ್ಟು ಸರ್ಕಾರಿ ಗುಮಾಸ್ತಿಕೆಗೆ ಸೇರಬೇಕಾಯಿತು. 1942 ರಲ್ಲಿ 'ಮೈಸೂರ ಮಲ್ಲಿಗೆ' ಪ್ರಕಟವಾದಾಗ ನಾಡು ಅವರ ಪದವಿಯನ್ನು ವಿಚಾರಿಸಲಿಲ್ಲ. ಆದರೆ ಅರ್ಧಕ್ಕೆ ನಿಂತ ಓದೆಲ್ಲವೂ ಕಾವ್ಯವಾಗಿ ಅರಳುವುದಿಲ್ಲ. ನಿಂತ ಓದು ಹೆಚ್ಚಾಗಿ ಅಲ್ಲಿಗೇ ನಿಲ್ಲುತ್ತದೆ. ಅದರ ಲೆಕ್ಕವನ್ನು ಯಾರೂ ಬರೆದಿಡುವುದಿಲ್ಲ.

ಒಂದು ವಿದ್ಯಾರ್ಥಿವೇತನದ ಫಲ

ಸರ್ಕಾರದ ಮುಂದೆ ಕೈಯೊಡ್ಡಿ ಓದಬೇಕೆ ಎಂದು ಹಿಂಜರಿಯುವ ಮಾನವಂತ ತಂದೆತಾಯಿಗಳು ಇಂದಿಗೂ ಇದ್ದಾರೆ. ನೆಂಟರಿಗೆ ತಿಳಿದರೆ ಏನೆಂದುಕೊಂಡಾರೋ ಎಂಬ ಸಂಕೋಚ ಹಳ್ಳಿಗಿಂತಲೂ ಪಟ್ಟಣದ ಮಧ್ಯಮವರ್ಗದ ಮನೆಗಳಲ್ಲಿ ಹೆಚ್ಚು. ಅವರು ಒಮ್ಮೆ ಕನ್ನಂಬಾಡಿಯ ಕಟ್ಟೆಯ ಮೇಲೆ ನಿಂತು ನೋಡಬೇಕು.

ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಒಬ್ಬ ಹುಡುಗ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದಾಗ ಕೊಡಗಿನ ಒಂದು ಮನೆತನದ ಮಕ್ಕಳಿಗೆ ಪಾಠ ಹೇಳಿ ತನ್ನ ಜೀವನವನ್ನು ಸಾಗಿಸಿಕೊಳ್ಳುತ್ತಿದ್ದ. 1881 ರಲ್ಲಿ ಬಿ.ಎ. ಮುಗಿಯಿತು. ಎಂಜಿನಿಯರಿಂಗ್ ಓದಬೇಕೆಂಬ ಆಸೆ. ಪುಣೆಗೆ ಹೋಗಲು ಕೈಯಲ್ಲಿ ಕಾಸಿಲ್ಲ. ಮೈಸೂರು ಸರ್ಕಾರ ಅವನಿಗೆ ವಿದ್ಯಾರ್ಥಿವೇತನ ಕೊಟ್ಟು ಕಳುಹಿಸಿತು. ಆ ಹುಡುಗನೇ ಮೋಕ್ಷಗುಂಡಂ ವಿಶ್ವೇಶ್ವರಯ್ಯ. 1909 ರಲ್ಲಿ ಅವರು ಮೈಸೂರಿನ ಮುಖ್ಯ ಎಂಜಿನಿಯರಾಗಿ ಬಂದರು. 1911 ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಪ್ರಾರಂಭವಾಯಿತು. ಅವರು ದಿವಾನರಾಗಿದ್ದಾಗಲೇ ಮೈಸೂರು ವಿಶ್ವವಿದ್ಯಾನಿಲಯವೂ ಹುಟ್ಟಿತು. ಪಾಂಡವಪುರ, ಶ್ರೀರಂಗಪಟ್ಟಣ, ಮಂಡ್ಯಗಳ ಗದ್ದೆಗಳಿಗೆ ಹರಿಯುವ ನಾಲೆ ಇಂದು ಅವರ ಹೆಸರನ್ನೇ ಹೊತ್ತಿದೆ. ಪುಣೆಗೆ ಹೋಗುವ ಒಬ್ಬ ಬಡ ವಿದ್ಯಾರ್ಥಿಗಾಗಿ ಸರ್ಕಾರ ವೆಚ್ಚ ಮಾಡಿದ ಆ ಕೆಲವು ರೂಪಾಯಿಗಳಿಗೆ ಬಂದ ಬಡ್ಡಿಯನ್ನು ಯಾವ ಖಜಾನೆಯವರು ಲೆಕ್ಕ ಹಾಕಬಲ್ಲರು?

ಇನ್ನೊಂದು ನಿದರ್ಶನ. ಬರೋಡೆಯ ಮಹಾರಾಜ ಸಯಾಜಿರಾವ್ ಗಾಯಕವಾಡರು ಕೊಟ್ಟ ವಿದ್ಯಾರ್ಥಿವೇತನದಿಂದ ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿದ ತರುಣ, 1913 ರಲ್ಲಿ ಅದೇ ಮಹಾರಾಜರ ನೆರವಿನಿಂದ ಅಮೆರಿಕದ ಕೊಲಂಬಿಯ ವಿಶ್ವವಿದ್ಯಾನಿಲಯಕ್ಕೆ ಹೋದ. ಆತ ಡಾ. ಬಿ.ಆರ್. ಅಂಬೇಡ್ಕರ್. ಅವರು ವೈಸರಾಯರ ಕಾರ್ಯಕಾರಿ ಮಂಡಲಿಯ ಸದಸ್ಯರಾಗಿದ್ದ ಕಾಲದಲ್ಲಿ, 1944 ರಲ್ಲಿ, ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಪ್ರಾರಂಭವಾಯಿತು. ಎಂಬತ್ತು ವರ್ಷಗಳು ಕಳೆದರೂ ಅದು ನಿಂತಿಲ್ಲ. ಮುಂದೆ ಅದು ಪರಿಶಿಷ್ಟ ಪಂಗಡದವರಿಗೆ ವಿಸ್ತರಿಸಿತು. ಹಿಂದುಳಿದ ವರ್ಗಗಳಿಗೂ ಅಲ್ಪಸಂಖ್ಯಾತರಿಗೂ ಅಂಥವೇ ಯೋಜನೆಗಳು ಬಂದವು. ನೆರವು ಪಡೆದು ಓದಿದವರು ನೆರವಿನ ಹಾದಿಯನ್ನು ಅಗಲ ಮಾಡಿದರು. ಇದರಲ್ಲಿ ನಾಚಿಕೆಗೆ ಎಡೆಯೆಲ್ಲಿದೆ?

ಇಂದು ದೊರೆಯುವ ನೆರವು

ಇಂದು ನಾಲ್ಕು ತಾಲ್ಲೂಕು ಕೇಂದ್ರಗಳಲ್ಲೂ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಕೃಷ್ಣರಾಜಪೇಟೆಯಲ್ಲಿ 2007 ರಿಂದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜೂ ಇದೆ. 2023 ರ ಜೂನ್ ತಿಂಗಳಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸಿನ ಖರ್ಚೂ ತಪ್ಪಿತು. ಉಳಿದ ವೆಚ್ಚಕ್ಕೆ ಹಲವು ಬಾಗಿಲುಗಳಿವೆ. ಯಾವ ಬಾಗಿಲು ಯಾರಿಗೆ ಎಂಬುದನ್ನು ತಿಳಿಯುವುದೇ ಮೊದಲ ಕೆಲಸ.

ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ ಹಾಗೂ ಅಲ್ಪಸಂಖ್ಯಾತ ಸಮುದಾಯಗಳ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವಿದೆ. ಒಂದೊಂದು ವರ್ಗಕ್ಕೆ ಒಂದೊಂದು ಆದಾಯದ ಮಿತಿ. ಅದು ಆಗಾಗ ಬದಲಾಗುವುದರಿಂದ ಆಯಾ ವರ್ಷದ ಪ್ರಕಟಣೆಯನ್ನು ನೋಡಬೇಕು. ಸರ್ಕಾರಿ ವಿದ್ಯಾರ್ಥಿನಿಲಯದಲ್ಲಿ ಸ್ಥಳ ದೊರೆಯದ ಹಿಂದುಳಿದ ವರ್ಗದವರಿಗಾಗಿ 2013 ರಲ್ಲಿ 'ವಿದ್ಯಾಸಿರಿ' ಎಂಬ ಯೋಜನೆ ಬಂತು: ಊಟ ವಸತಿಗಳಿಗೆಂದು ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳಿಗೆ 15,000 ರೂಪಾಯಿ. ಹಿಂದಿನ ವಾರಾನ್ನವನ್ನೇ ಸರ್ಕಾರ ನಗದಾಗಿ ಕೊಟ್ಟಂತೆ. ಯಾರ ಮುಖವನ್ನೂ ನೋಡಬೇಕಾಗಿಲ್ಲ.

ರೈತರ ಮಕ್ಕಳಿಗಾಗಿ 2021 ರ ಆಗಸ್ಟ್ ತಿಂಗಳಲ್ಲಿ 'ಮುಖ್ಯಮಂತ್ರಿ ರೈತ ವಿದ್ಯಾನಿಧಿ' ಪ್ರಾರಂಭವಾಯಿತು. ಆಗ ನಿಗದಿಯಾದ ವಾರ್ಷಿಕ ಮೊತ್ತ ಹೀಗಿತ್ತು: ಪಿ.ಯು.ಸಿ., ಐ.ಟಿ.ಐ., ಡಿಪ್ಲೊಮ ಓದುವ ಹುಡುಗರಿಗೆ 2,500, ಹುಡುಗಿಯರಿಗೆ 3,000 ರೂಪಾಯಿ, ಬಿ.ಎ., ಬಿ.ಎಸ್ಸಿ., ಬಿ.ಕಾಂ. ಮುಂತಾದ ಪದವಿಗಳಿಗೆ 5,000 ಮತ್ತು 5,500. ಕಾನೂನು, ನರ್ಸಿಂಗ್ ಮುಂತಾದವುಗಳಿಗೆ 7,500 ಮತ್ತು 8,000. ವೈದ್ಯಕೀಯ, ಎಂಜಿನಿಯರಿಂಗ್ ಹಾಗೂ ಸ್ನಾತಕೋತ್ತರ ಪದವಿಗಳಿಗೆ 10,000 ಮತ್ತು 11,000. ನೋಂದಾಯಿತ ಕಟ್ಟಡ ಕಾರ್ಮಿಕರ ಮಕ್ಕಳಿಗೆ ಕಾರ್ಮಿಕ ಕಲ್ಯಾಣ ಮಂಡಳಿಯ ಧನಸಹಾಯವಿದೆ. ಸರ್ಕಾರಿ ಶಾಲೆ ಕಾಲೇಜುಗಳಲ್ಲಿ ಓದಿ ಬಂದ ಹೆಣ್ಣುಮಕ್ಕಳಿಗೆ ಪದವಿ ಅಥವಾ ಡಿಪ್ಲೊಮ ಮುಗಿಯುವವರೆಗೆ ವರ್ಷಕ್ಕೆ 30,000 ರೂಪಾಯಿ ಕೊಡುವ ಯೋಜನೆಯನ್ನು ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಕೈಗೊಂಡಿದೆ.

ಹಣವೇ ಇಲ್ಲವೆಂದು ಗೊಣಗುವಂತಿಲ್ಲ. ಹಾಗಾದರೆ ಗಿರವಿ ಅಂಗಡಿಯ ಬಾಗಿಲಿಗೆ ಇನ್ನೂ ಓಲೆ ಹೋಗುವುದೇಕೆ? ಉತ್ತರ ಅರ್ಜಿಯ ಹಾದಿಯಲ್ಲಿದೆ.

ಹೆಸರಿನ ಒಂದಕ್ಷರ

ಹಿಂದೆ ಅರ್ಜಿಯೆಂದರೆ ಒಂದು ಹಾಳೆ. ಕಾಲೇಜಿನ ಗುಮಾಸ್ತರ ಮೇಜಿನಿಂದ ಮುದ್ರಿತ ನಮೂನೆಯನ್ನು ತಂದು, ತುಂಬಿ, ಗೆಜೆಟೆಡ್ ಅಧಿಕಾರಿಯ ರುಜುವಿಗಾಗಿ ಅವರ ಮನೆಯ ಮುಂದೆ ಬೆಳಗ್ಗೆ ಕಾದು, ಹಿಂದಿರುಗಿಸಿದರೆ ಮುಗಿಯಿತು. ಇಂದು ಅರ್ಜಿ ಹೋಗುವುದು ರಾಜ್ಯ ವಿದ್ಯಾರ್ಥಿವೇತನದ ಜಾಲತಾಣಕ್ಕೆ. ಸಮಾಜ ಕಲ್ಯಾಣ, ಹಿಂದುಳಿದ ವರ್ಗ, ಅಲ್ಪಸಂಖ್ಯಾತ ಮುಂತಾದ ಇಲಾಖೆಗಳಿಗೆ ಬೇರೆ ಬೇರೆ ಅರ್ಜಿ ಹಾಕುವ ತೊಂದರೆ ಅದರಿಂದ ತಪ್ಪಿತು. ಹಣ ನೇರವಾಗಿ ವಿದ್ಯಾರ್ಥಿಯ ಖಾತೆಗೇ ಬರುವುದರಿಂದ ನಡುವಿನ ಕೈಗಳೂ ತಪ್ಪಿದವು. ಇದು ಸಣ್ಣ ಲಾಭವಲ್ಲ. ಆದರೆ ಗುಮಾಸ್ತನಿಗೆ ಕಣ್ಣಿತ್ತು; ಯಂತ್ರಕ್ಕೆ ಅಕ್ಷರ ಮಾತ್ರ ಕಾಣುತ್ತದೆ.

ಹುಡುಗಿಯ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ತಂದೆಯ ಹೆಸರಿನ ಮೊದಲಕ್ಷರವಿದೆ. ಆಧಾರ್ ಚೀಟಿಯಲ್ಲಿ ಅದಿಲ್ಲ. ಒಂದರಲ್ಲಿ 'ಲಕ್ಷ್ಮಿ', ಇನ್ನೊಂದರಲ್ಲಿ 'ಲಕ್ಷ್ಮೀದೇವಿ'. ಊರಿಗೆಲ್ಲ ಇಬ್ಬರೂ ಒಬ್ಬಳೇ, ಯಂತ್ರಕ್ಕೆ ಇಬ್ಬರು. ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ತಿದ್ದಿಸಲು ಆಧಾರ್ ಕೇಂದ್ರಕ್ಕೆ ಅಲೆಯಬೇಕು. ಅಷ್ಟರಲ್ಲಿ ಕೊನೆಯ ದಿನ ಕಳೆದಿರುತ್ತದೆ.

ಎರಡನೆಯದು ಜಾತಿ ಮತ್ತು ಆದಾಯದ ಪ್ರಮಾಣಪತ್ರ. ಇದನ್ನು ಕೊಡುವುದು ಹೋಬಳಿಯ ನಾಡಕಚೇರಿ. ಆ ಪತ್ರದ ಮೇಲಿನ 'ಆರ್.ಡಿ.' ಸಂಖ್ಯೆಯನ್ನು ಅರ್ಜಿಯಲ್ಲಿ ನಮೂದಿಸಬೇಕು. ಅಣ್ಣನ ಕಾಲದಲ್ಲಿ ಮಾಡಿಸಿದ ಪತ್ರ ಪೆಟ್ಟಿಗೆಯಲ್ಲಿದೆಯಲ್ಲ ಎಂದು ತಂದೆ ನಿಶ್ಚಿಂತನಾಗಿರುತ್ತಾನೆ. ಅವಧಿ ಮುಗಿದ ಪತ್ರದಿಂದ ಪ್ರಯೋಜನವಿಲ್ಲ. ಒಬ್ಬರ ಹೆಸರಿನ ಪತ್ರ ಇನ್ನೊಬ್ಬರಿಗೆ ಸಲ್ಲುವುದೂ ಇಲ್ಲ.

ಮೂರನೆಯದು ಈ ಸೀಮೆಯ ರೈತರಿಗೆ ವಿಶೇಷವಾಗಿ ತಾಗುವ ತೊಡಕು. ರೈತ ವಿದ್ಯಾನಿಧಿ ಬೇಕಾದರೆ ತಂದೆ ಅಥವಾ ತಾಯಿಗೆ ಕೃಷಿ ಇಲಾಖೆಯ 'ಫ್ರೂಟ್ಸ್' ದಾಖಲೆಯಲ್ಲಿ ರೈತನೆಂಬ ಗುರುತಿನ ಸಂಖ್ಯೆಯಿರಬೇಕು. ಅದಿರಬೇಕಾದರೆ ಜಮೀನು ಅವರ ಹೆಸರಿನಲ್ಲಿರಬೇಕು. ಆದರೆ ಪಹಣಿಯನ್ನು ತೆಗೆದು ನೋಡಿದರೆ ಎಷ್ಟೋ ಮನೆಗಳಲ್ಲಿ ತೀರಿಕೊಂಡ ಅಜ್ಜನ ಹೆಸರೇ ಇನ್ನೂ ಇದೆ. ಅಣ್ಣತಮ್ಮಂದಿರಲ್ಲಿ ಭಾಗವಾಗಿಲ್ಲ, ಪೌತಿ ಖಾತೆಯಾಗಿಲ್ಲ. ನಲವತ್ತು ವರ್ಷ ನೇಗಿಲು ಹಿಡಿದವನು ಸರ್ಕಾರದ ಪುಸ್ತಕದಲ್ಲಿ ರೈತನೇ ಅಲ್ಲ! ಅಜ್ಜನ ಕಾಲದ ಒಂದು ಉದಾಸೀನ ಮೊಮ್ಮಗಳ ಪುಸ್ತಕದ ಹಣವನ್ನು ತಡೆದು ನಿಲ್ಲಿಸುತ್ತದೆ.

ನಾಲ್ಕನೆಯದು ಬ್ಯಾಂಕಿನ ಖಾತೆ. ಹಣ ಹೋಗುವುದು ಅರ್ಜಿಯಲ್ಲಿ ಬರೆದ ಖಾತೆಗಲ್ಲ, ಆಧಾರ್ ಸಂಖ್ಯೆಗೆ ಕೊನೆಯದಾಗಿ ಜೋಡಿಸಿದ ಖಾತೆಗೆ. ಬೇರಾವುದೋ ಕಾರಣಕ್ಕೆ ಇನ್ನೊಂದು ಬ್ಯಾಂಕಿನಲ್ಲಿ ಖಾತೆ ತೆರೆದು ಮರೆತಿದ್ದರೆ ಹಣ ಅಲ್ಲಿಗೆ ಹೋಗಿ ಕುಳಿತಿರಬಹುದು. ಬರಲಿಲ್ಲವೆಂದು ಹುಡುಗ ಕಚೇರಿಗಳಿಗೆ ಅಲೆಯುತ್ತಿದ್ದಾನೆ. ಹಣ ಅವನ ಹೆಸರಿನಲ್ಲೇ ಬೇರೆ ಕಡೆ ನಿದ್ರಿಸುತ್ತಿದೆ. ಖಾತೆಯೇ ನಿಷ್ಕ್ರಿಯವಾಗಿದ್ದರಂತೂ ಬಂದ ಹಣ ಹಿಂದಕ್ಕೆ ಹೋಗುತ್ತದೆ.

ಎಲ್ಲಕ್ಕೂ ಮಿಗಿಲಾದುದು ಕಾಲದ ಮಾತು. ಕಾಲೇಜು ಶುಲ್ಕ ಕೇಳುವುದು ಪ್ರವೇಶದ ದಿನ. ವಿದ್ಯಾರ್ಥಿವೇತನ ಮಂಜೂರಾಗಿ ಕೈಗೆ ಬರುವುದು ತಿಂಗಳುಗಳ ಮೇಲೆ, ಒಮ್ಮೊಮ್ಮೆ ವರ್ಷವೇ ಕಳೆದ ಮೇಲೆ. ಮುಂಗಡವಾಗಿ ಕಟ್ಟಬಲ್ಲವನಿಗೆ ಅದು ಹಿಂದಿರುಗಿ ಬಂದ ಹಣ. ಕಟ್ಟಲಾರದವನಿಗೆ ಊಟ ಮುಗಿದ ಮೇಲೆ ಹಾಕಿದ ಎಲೆ. ನೆರವನ್ನು ಹೆಚ್ಚಿಸುವುದಕ್ಕಿಂತಲೂ ಹೊತ್ತಿಗೆ ಸರಿಯಾಗಿ ಕೊಡುವುದು ಹೆಚ್ಚಿನ ಉಪಕಾರವೆಂಬುದನ್ನು ಅಧಿಕಾರದಲ್ಲಿರುವವರು ಮನಗಾಣಬೇಕಾಗಿದೆ.

ಸಾಲದ ಮಾತು

ನೆರವು ಸಾಲದಾದಾಗ ಸಾಲವೇ ಗತಿ. ಕೈಸಾಲ, ಚೀಟಿ, ಗಿರವಿಗಳಿಗಿಂತ ಬ್ಯಾಂಕಿನ ವಿದ್ಯಾಭ್ಯಾಸ ಸಾಲ ಮೇಲೆಂಬುದರಲ್ಲಿ ಸಂದೇಹವಿಲ್ಲ. ಸಾಮಾನ್ಯವಾಗಿ ನಾಲ್ಕು ಲಕ್ಷ ರೂಪಾಯಿಗಳವರೆಗೆ ಆಸ್ತಿಯ ಆಧಾರ ಕೊಡಬೇಕಾಗಿಲ್ಲ. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಾಗಿಲ್ಲ. 2024 ರ ನವೆಂಬರ್ ತಿಂಗಳಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟ 'ಪಿ.ಎಂ. ವಿದ್ಯಾಲಕ್ಷ್ಮಿ' ಯೋಜನೆಯಲ್ಲಿ ಜಾಮೀನುದಾರರೂ ಬೇಕಿಲ್ಲ. ವರ್ಷಕ್ಕೆ ಎಂಟು ಲಕ್ಷದವರೆಗೆ ಆದಾಯವಿರುವ, ಬೇರೆ ಸರ್ಕಾರಿ ನೆರವು ಪಡೆಯದ ಮನೆಯ ಮಕ್ಕಳಿಗೆ ಹತ್ತು ಲಕ್ಷದವರೆಗಿನ ಸಾಲಕ್ಕೆ ಬಡ್ಡಿಯಲ್ಲಿ ಶೇಕಡ 3 ರಷ್ಟು ರಿಯಾಯಿತಿಯುಂಟು. ಆದರೆ ಅದು ರಾಷ್ಟ್ರೀಯ ಶ್ರೇಯಾಂಕದಲ್ಲಿ ಗೊತ್ತಾದ ಸ್ಥಾನ ಪಡೆದ ವಿದ್ಯಾಸಂಸ್ಥೆಗಳಿಗೆ ಮಾತ್ರ. ತಾವು ಸೇರುವ ಕಾಲೇಜು ಆ ಪಟ್ಟಿಯಲ್ಲಿದೆಯೇ ಎಂದು ಮೊದಲು ನೋಡಬೇಕು.

ಸಾಲ ಮಾಡುವ ಮುನ್ನ ಮನೆಮಂದಿ ಒಟ್ಟಿಗೆ ಕುಳಿತು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಓದು ಮುಗಿದ ಮೇಲೆ ದೊರೆಯುವ ಸಂಬಳದಲ್ಲಿ ಈ ಕಂತು ಕಟ್ಟಬಹುದೆ? ಹೆಸರು ದೊಡ್ಡದೆಂದು ದುಬಾರಿ ಕಾಲೇಜನ್ನು ಸೇರಿ ಇಪ್ಪತ್ತೆರಡನೆಯ ವಯಸ್ಸಿಗೇ ಸಾಲಗಾರನಾಗುವುದಕ್ಕಿಂತ, ಹತ್ತಿರದ ಸರ್ಕಾರಿ ಕಾಲೇಜಿನಲ್ಲಿ ಚೆನ್ನಾಗಿ ಓದುವುದು ಎಷ್ಟೋ ವೇಳೆ ಜಾಣತನ.

ನೀರುಗಂಟಿಯ ಕೆಲಸ

ನಾಲೆಯ ಸೀಮೆಯವರಿಗೆ ಒಂದು ಮಾತು ಚೆನ್ನಾಗಿ ಗೊತ್ತು. ಕಟ್ಟೆ ತುಂಬಿದ ಮಾತ್ರಕ್ಕೆ ಕೊನೆಯ ಗದ್ದೆಗೆ ನೀರು ಬರುವುದಿಲ್ಲ. ತೂಬು ತೆರೆಯಬೇಕು, ಹೂಳು ತೆಗೆಯಬೇಕು, ಮೇಲಿನ ಗದ್ದೆಯವನು ಮಡೆಯನ್ನು ಹೆಚ್ಚಾಗಿ ಒಡೆದುಕೊಳ್ಳದಂತೆ ನೋಡಬೇಕು. ಅದಕ್ಕಾಗಿಯೇ ಹಳ್ಳಿಗಳಲ್ಲಿ ನೀರುಗಂಟಿಯಿದ್ದ. ವಿದ್ಯಾರ್ಥಿವೇತನದ ಕಾಲುವೆಗೂ ಅಂಥವನೊಬ್ಬ ಬೇಕು.

ಆ ಕೆಲಸವನ್ನು ಮಾಡುವವರು ಇಲ್ಲವೆಂದಲ್ಲ. ಪ್ರವೇಶದ ದಿನಗಳಲ್ಲಿ ಸಂಜೆ ಐದು ಹೊಡೆದ ಮೇಲೂ ಕಾಲೇಜಿನಲ್ಲೇ ಕುಳಿತು ಮಕ್ಕಳ ಅರ್ಜಿಯನ್ನು ತಾವೇ ತುಂಬಿಕೊಡುವ ಅಧ್ಯಾಪಕರಿದ್ದಾರೆ. ಊರಿನ 'ಗ್ರಾಮ ಒನ್' ಕೇಂದ್ರದಲ್ಲಿ ತಾಳ್ಮೆಯಿಂದ ಹೆಸರು ತಿದ್ದಿಸಿಕೊಡುವ ತರುಣರಿದ್ದಾರೆ. ಆದರೆ ಅವರ ಸಂಖ್ಯೆ ಸಾಲದು. ಇಲ್ಲಿ ಪಟ್ಟಣದ ಓದುಗರಿಗೂ ಪಾಲಿದೆ. ಊರಿನಲ್ಲಿರುವ ಅಣ್ಣನ ಮಗಳೋ, ಮನೆಗೆಲಸಕ್ಕೆ ಬರುವಾಕೆಯ ಮಗನೋ ಈ ವರ್ಷ ಕಾಲೇಜು ಸೇರುವವರಿದ್ದರೆ, ಶುಭಾಶಯದ ಜೊತೆಗೆ ನಾಲ್ಕು ಪ್ರಶ್ನೆಗಳನ್ನು ಕೇಳಬಹುದು. ಅಂಕಪಟ್ಟಿಯಲ್ಲೂ ಆಧಾರಿನಲ್ಲೂ ಹೆಸರು ಒಂದೇ ಆಗಿದೆಯೇ? ಜಾತಿ ಆದಾಯದ ಪತ್ರಕ್ಕೆ ಅವಧಿ ಉಳಿದಿದೆಯೇ? ಜಮೀನಿನ ಖಾತೆ ಯಾರ ಹೆಸರಿನಲ್ಲಿದೆ? ಯಾವ ಬ್ಯಾಂಕಿನ ಖಾತೆ ಆಧಾರಿಗೆ ಜೋಡಣೆಯಾಗಿದೆ? ಈ ನಾಲ್ಕನ್ನು ಹತ್ತನೆಯ ತರಗತಿಯಲ್ಲಿರುವಾಗಲೇ ಸರಿಪಡಿಸಿಟ್ಟರೆ ಮುಂದಿನ ಆರೇಳು ವರ್ಷಗಳ ಅಲೆದಾಟ ತಪ್ಪುತ್ತದೆ. ಕೇಳಲು ಕಾಸಿನ ಖರ್ಚಿಲ್ಲ. ಒಂದು ಭಾನುವಾರದ ಅರ್ಧ ದಿನ ಸಾಕು.

ವಾರಾನ್ನದ ಕಾಲದಲ್ಲಿ ಒಂದು ಮನೆಯವರು ವಾರಕ್ಕೊಂದು ದಿನ ಒಂದು ಎಲೆ ಹೆಚ್ಚು ಹಾಕುತ್ತಿದ್ದರು. ಇಂದು ಬೇಕಾಗಿರುವುದು ಅನ್ನವಲ್ಲ, ವರ್ಷಕ್ಕೊಂದು ದಿನ ಪಕ್ಕದಲ್ಲಿ ಕುಳಿತು ಅರ್ಜಿ ತುಂಬಿಸುವ ಸ್ನೇಹ. ಜಗುಲಿಯ ಕಂಬಕ್ಕೊರಗಿ ನಿಂತ ಆ ಹುಡುಗಿಗೆ ಹೊತ್ತಿಗೆ ಸರಿಯಾಗಿ ಅಂಥ ಒಬ್ಬರು ಸಿಕ್ಕಿದರೆ, ತಾಯಿಯ ಓಲೆ ಕಿವಿಯಲ್ಲೇ ಉಳಿದೀತು. ಮುಂದೆ ಎಂದಾದರೂ ಆ ಹುಡುಗಿ ಯಾವ ಊರಿಗೆ ಯಾವ ನಾಲೆಯನ್ನು ತಂದಾಳೋ, ಈಗಲೇ ಹೇಳಬಲ್ಲವರು ಯಾರು?